ಎಕ್ಸ್‌ರೇ ನಾರ್ಮಲ್ ಬಂತು, ಗೆಳೆಯನದ್ದು ಬರಲಿಲ್ಲ

ಪ್ರಶ್ನೆ: ಕಲ್ಲು ಕತ್ತರಿಸಿ ಪಾಲಿಶ್ ಮಾಡುವ ಕೆಲಸದಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಮಾಲೀಕರು ಈ ಸಲ ಎಲ್ಲರಿಗೂ ಎದೆಯ ಎಕ್ಸ್‌ರೇ ಮಾಡಿಸಿದರು. ನನ್ನದು ನಾರ್ಮಲ್. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಗೆಳೆಯನನ್ನು ಮಾತ್ರ ಮತ್ತೆ ಕರೆದಿದ್ದಾರೆ. ಅವನ ರಿಪೋರ್ಟಿನಲ್ಲಿ ‘1/0’ ಎಂದು ಬರೆದಿದೆ. ಅವನಿಗೆ ಕೆಮ್ಮೂ ಇಲ್ಲ, ದಮ್ಮೂ ಇಲ್ಲ. ದಿನಾ ಬೆಳಿಗ್ಗೆ ಕೆಮ್ಮುವವನು ನಾನು! ರಿಪೋರ್ಟ್ ಅದಲುಬದಲಾಗಿದೆಯಾ? ನಾನು ನಿಶ್ಚಿಂತೆಯಿಂದ ಇರಬಹುದಾ?

ಉತ್ತರ: ಫಿಲಂ ಮೇಲೆ ಹೆಸರು, ತಾರೀಖು ಇರುತ್ತದೆ. ಒಮ್ಮೆ ನೋಡಿಬಿಡಿ, ಆ ಅನುಮಾನ ಅಲ್ಲಿಗೆ ಮುಗಿಯುತ್ತದೆ. ಅದಲುಬದಲಾಗಿರಲಿಕ್ಕಿಲ್ಲ ಅಂತಲೇ ನನ್ನ ಅಂದಾಜು. ಧೂಳಿನ ಕೆಲಸದವರ ಎಕ್ಸ್‌ರೇ ನೋಡುವುದೇ ನನ್ನ ಕಸುಬು. ಕೆಮ್ಮಿ ಕೆಮ್ಮಿ ಸುಸ್ತಾದವರ ಫಿಲಂ ಶುಭ್ರವಾಗಿರುತ್ತದೆ. ಎದೆ ತುಂಬಾ ಚುಕ್ಕೆ ಇರುವವರು ಸರಸರ ಮೆಟ್ಟಿಲು ಹತ್ತಿ ಬಂದು ನನ್ನೆದುರು ಕೂರುತ್ತಾರೆ.

ಯಾಕೆ ಹೀಗೆ ಅಂದರೆ, ಕೆಮ್ಮು ಹೆಚ್ಚಾಗಿ ಉಸಿರಿನ ಕೊಳವೆಗಳದ್ದು. ಧೂಳು, ಬೀಡಿ, ಸಿಗರೇಟು ಅವನ್ನು ಕೆರಳಿಸುತ್ತವೆ. ಎಕ್ಸ್‌ರೇಯಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಚುಕ್ಕೆಗಳ ಕಥೆ ಬೇರೆ. ಕಲ್ಲಿನ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ನುಣುಪಾದ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದ ತುದಿಯ ಗಾಳಿಚೀಲಗಳ ತನಕ ಇಳಿಯುತ್ತದೆ. ಅದನ್ನು ನುಂಗಿ ಚೊಕ್ಕಟ ಮಾಡಲು ಬಂದ ಜೀವಕೋಶಗಳು ತಾವೇ ಸಾಯುತ್ತವೆ. ಆ ಜಾಗದಲ್ಲಿ ಗಾಯ ಮಾಗಿದ ಕಲೆಯಂಥ ಗಟ್ಟಿ ಗಂಟುಗಳಾಗುತ್ತವೆ. ಇದೇ ಸಿಲಿಕೋಸಿಸ್. ಶುರುವಿನಲ್ಲಿ ನೋವಿಲ್ಲ, ಏದುಸಿರಿಲ್ಲ. ನಿಮ್ಮ ಗೆಳೆಯ ಈಗ ಬಹುಶಃ ಇಲ್ಲಿದ್ದಾರೆ.

‘1/0’ ಅಂದರೇನು ಹೇಳುತ್ತೇನೆ. ಇಂಥ ಫಿಲಂಗಳನ್ನು ನಾವು ಸುಮ್ನೆ ಕಣ್ಣಂದಾಜಿನಲ್ಲಿ ಓದುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರ ಮಾದರಿ ಎಕ್ಸ್‌ರೇಗಳ ಒಂದು ಕಟ್ಟು ಇದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ಫಿಲಂ ಯಾವುದಕ್ಕೆ ಹೋಲುತ್ತದೆ ಎಂದು ನೋಡುತ್ತೇವೆ. ಚುಕ್ಕೆಗಳ ದಟ್ಟಣೆಗೆ 0, 1, 2, 3 ಎಂಬ ದರ್ಜೆ. ಅದನ್ನೇ ಇನ್ನೂ ಒಡೆದು ಒಟ್ಟು 12 ಮೆಟ್ಟಿಲು ಮಾಡಿದ್ದಾರೆ. 1/0 ಎಂದರೆ, ಓದಿದವರು ಕೊನೆಗೆ 1 ಎಂದು ತೀರ್ಮಾನಿಸಿದರು, ಆದರೆ 0 ಇರಬಹುದಾ ಎಂದೂ ಗಂಭೀರವಾಗಿ ಯೋಚಿಸಿದರು. ಅಂದರೆ ಗೆರೆಯನ್ನು ಈಗಷ್ಟೇ ದಾಟಿದ ಫಿಲಂ. ಇನ್ನೊಬ್ಬರು ಓದಿದರೆ 0/1 ಅನ್ನಲೂಬಹುದು. ಅದಕ್ಕೇ ಮತ್ತೆ ಕರೆದಿರುತ್ತಾರೆ. ಗೆಳೆಯ ಹೆದರುವುದು ಬೇಡ, ಆದರೆ ಹೋಗದೇ ಇರುವುದೂ ಬೇಡ.

ಒಂಬತ್ತು ವರ್ಷ ಇಬ್ಬರದ್ದೂ ಸರಿ, ಆದರೆ ಕೆಲಸ ಒಂದೇನಾ? ಒಬ್ಬರು ನೀರು ಹಾಯಿಸಿ ಕತ್ತರಿಸಿರುತ್ತಾರೆ, ಇನ್ನೊಬ್ಬರು ಒಣಗಲ್ಲಿಗೇ ಗ್ರೈಂಡರ್ ಹಿಡಿದಿರುತ್ತಾರೆ. ಕಲ್ಲೂ ಮುಖ್ಯ. ಪುಡಿಗಲ್ಲಿಗೆ ಅಂಟು ಬೆರೆಸಿ ಮಾಡುವ ಕೃತಕ ಕ್ವಾರ್ಟ್ಸ್ ಹಲಗೆಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಸಿಲಿಕಾ ಇರುವುದುಂಟು. ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಅದರ ಅರ್ಧವೂ ಇರುವುದಿಲ್ಲ. ಈ ಕೃತಕ ಹಲಗೆಯನ್ನು ಆಸ್ಟ್ರೇಲಿಯಾ 2024ರ ಜುಲೈಯಿಂದ ನಿಷೇಧಿಸಿಯೇಬಿಟ್ಟಿತು. ಅಲ್ಲಿ ಎಕ್ಸ್‌ರೇ ನಾರ್ಮಲ್ ಇದ್ದ ಕೆಲವರಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ಕಾಯಿಲೆ ಸಿಕ್ಕಿತ್ತು.

ಇನ್ನು ನಿಮ್ಮ ‘ನಾರ್ಮಲ್’. ಗಂಟುಗಳು ಸಾಕಷ್ಟು ಬೆಳೆದು ಒತ್ತಾಗಿ ಸೇರುವ ತನಕ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸಾಮಾನ್ಯ ಸಿಲಿಕೋಸಿಸ್ ಕಾಣಿಸಿಕೊಳ್ಳಲು 10 ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಧೂಳು ವಿಪರೀತ ಇದ್ದರೆ 5 ವರ್ಷಕ್ಕೇ ಬಂದೀತು. ನಿಮಗಿನ್ನೂ ಒಂಬತ್ತು. ಹಾಗಾಗಿ ಈ ಫಿಲಂ ಇವತ್ತಿನ ಮಟ್ಟಿಗೆ ಒಳ್ಳೆ ಸುದ್ದಿ, ಅಷ್ಟೇ. ಅದರ ನಿಜವಾದ ಬೆಲೆ ಮುಂದಿನ ಫಿಲಂ ಪಕ್ಕದಲ್ಲಿಟ್ಟಾಗ ಗೊತ್ತಾಗುತ್ತದೆ. ಆದ್ದರಿಂದ ರಿಪೋರ್ಟ್ ಚೀಟಿ ಒಂದೇ ಸಾಲದು, ಫಿಲಂ ಅಥವಾ ಅದರ ಸಿ.ಡಿ. ಕೇಳಿ ಪಡೆದುಕೊಳ್ಳಿ. ಮನೆಯಲ್ಲಿ ಜೋಪಾನ ಮಾಡಿ. ಕೆಲಸ ಬದಲಾಯಿಸಿದರೂ ಜೊತೆಗೇ ಒಯ್ಯಿರಿ.

ಎಕ್ಸ್‌ರೇ ತೆಗೆಯುವಾಗ ಉಸಿರು ಪೂರ್ತಿ ಒಳಗೆಳೆದು ಹಿಡಿದಿದ್ದಿರಾ? ಕ್ಯೂ ಉದ್ದ ಇದ್ದರೆ ‘ಉಸಿರು ತಗೊಳ್ಳಿ, ಹಿಡೀರಿ’ ಎನ್ನುವಷ್ಟರಲ್ಲಿ ಬಟನ್ ಒತ್ತಿರುತ್ತಾರೆ. ಅರ್ಧ ಉಸಿರಿನ ಫಿಲಂನಲ್ಲಿ ಶ್ವಾಸಕೋಶದ ಕೆಳಭಾಗ ಮುದ್ದೆಯಾಗಿ, ಇಲ್ಲದ ಕಾಯಿಲೆ ಇದ್ದಂತೆ ಕಾಣುತ್ತದೆ. ಫಿಲಂ ತೀರಾ ಕಪ್ಪಾದರೆ ಇರುವ ಸಣ್ಣ ಚುಕ್ಕೆಯೂ ಮಾಯ. ನನಗೆ ಇನ್ನೂ ಸಿಟ್ಟು ಬರಿಸುವುದು ಅರ್ಜಿಯಲ್ಲಿನ ‘ಉದ್ಯೋಗ’ ಎಂಬ ಜಾಗ. ಅಲ್ಲಿ ‘ಕಾರ್ಮಿಕ’ ಅಂತ ಗೀಚಿರುತ್ತಾರೆ. ಅದರಿಂದ ನನಗೆ ಏನು ತಿಳಿಯಬೇಕು? ಯಾವ ಕಲ್ಲು, ಎಷ್ಟು ವರ್ಷ, ನೀರು ಹಾಕಿಯೋ ಒಣಗಿದ್ದಾಗಲೋ, ಅದಕ್ಕೂ ಮುಂಚೆ ಏನು ಕೆಲಸ, ಇಷ್ಟು ನೀವೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ನಿಮ್ಮ ಕೆಮ್ಮಿಗೆ ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ ಮಾಡಿಸಿ. ಕೆಮ್ಮು ಎರಡು ಮೂರು ವಾರ ಮೀರಿದ್ದರೆ ಕಫದ ಪರೀಕ್ಷೆಯೂ ಆಗಬೇಕು. ಮಾಲೀಕರಿಗೂ ಒಂದು ಮಾತು. ಎಕ್ಸ್‌ರೇಯಿಂದ ಯಾರ ಎದೆಯೊಳಗೂ ಹೋಗುವ ಧೂಳು ಕಮ್ಮಿಯಾಗುವುದಿಲ್ಲ. ಬ್ಲೇಡಿಗೆ ನೀರು, ಮೆಷಿನ್ನಿಗೆ ಧೂಳು ಹೀರುವ ಕೊಳವೆ, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಅಥವಾ ಅದಕ್ಕಿಂತ ಒಳ್ಳೆ ಮಾಸ್ಕ್ ಬೇಕು. ಕರವಸ್ತ್ರ ಕಟ್ಟಿಕೊಂಡರೆ ನಡೆಯುವುದಿಲ್ಲ. ಸಂಜೆ ಬಟ್ಟೆಯ ಧೂಳನ್ನು ಏರ್ ಪೈಪಿನಿಂದ ಊದಿಸಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಪ್ರಶ್ನೆ: ನಮ್ಮ ಯಜಮಾನರು ಮರಳು ಚಿಮ್ಮಿಸಿ ಲೋಹದ ತುಕ್ಕು ತೆಗೆಯುವ ಕೆಲಸ ಬಿಟ್ಟು ಆರು ವರ್ಷವಾಯಿತು. ಈಗ ಎಕ್ಸ್‌ರೇಯಲ್ಲಿ ಮೇಲುಭಾಗದಲ್ಲಿ ಚುಕ್ಕೆ ಇದೆಯಂತೆ. ಟಿಬಿ ಇರಬಹುದು ಅಂದರು. ಬಿಟ್ಟ ಕೆಲಸದ ಕಾಯಿಲೆ ಈಗ ಬರುತ್ತದಾ?

ಉತ್ತರ: ಬರುತ್ತದಮ್ಮಾ. ಒಳಗೆ ಉಳಿದ ಸಿಲಿಕಾ ಕೆಲಸ ಬಿಟ್ಟ ಮೇಲೂ ಕಾಡುತ್ತದೆ. ಸಿಲಿಕೋಸಿಸ್ ಮತ್ತು ಟಿಬಿ ಎರಡೂ ಶ್ವಾಸಕೋಶದ ಮೇಲುಭಾಗವನ್ನೇ ಹಿಡಿಯುವುದು ಜಾಸ್ತಿ. ಒಂದನ್ನು ಇನ್ನೊಂದು ಅಂದುಕೊಳ್ಳುವುದು ಸುಲಭ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆಯೂ ಹೆಚ್ಚು, ಎರಡೂ ಒಟ್ಟಿಗೇ ಇರಬಹುದು. ಫಿಲಂ ಒಂದರಿಂದಲೇ ತೀರ್ಮಾನಕ್ಕೆ ಬರುವುದು ಬೇಡ, ಕಫದ ಪರೀಕ್ಷೆ ಆಗಲೇಬೇಕು. ಮರಳಿನ ಕೆಲಸದ ವಿಷಯ ಡಾಕ್ಟರಿಗೆ ಮೊದಲೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ. ಹಳೇ ಎಕ್ಸ್‌ರೇ ಇದ್ದರೆ ಹುಡುಕಿ ತೋರಿಸಿ.

ಪ್ರಶ್ನೆ: ಪದೇ ಪದೇ ಎಕ್ಸ್‌ರೇ ತೆಗೆಸಿದರೆ ಅದೇ ಕ್ಯಾನ್ಸರ್ ತರುವುದಿಲ್ಲವಾ?

ಉತ್ತರ: ಎದೆಯ ಒಂದು ಎಕ್ಸ್‌ರೇಯಿಂದ ಮೈಗೆ ತಗಲುವ ವಿಕಿರಣ ಸುಮಾರು 0.02ರಿಂದ 0.1 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ತಗಲುತ್ತಲೇ ಇರುತ್ತದೆ. ಅಂದರೆ ಒಂದು ಫಿಲಂ ಹೆಚ್ಚೆಂದರೆ ಎರಡು ವಾರದ ಬಾಬ್ತು. ನೀವು ಹೆದರಬೇಕಾದದ್ದು ಧೂಳಿಗೆ. ಸಿಲಿಕಾ ಧೂಳು ಕ್ಯಾನ್ಸರ್ ತರುತ್ತದೆ ಎಂದು 1997ರಲ್ಲೇ ನಿರ್ಧಾರವಾಗಿದೆ. ಸಿ.ಟಿ. ಸ್ಕ್ಯಾನಿನ ವಿಕಿರಣ ಮಾತ್ರ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಡಾಕ್ಟರ್ ಹೇಳದೆ ಅದನ್ನು ಮಾಡಿಸಬೇಡಿ. ಗರ್ಭಿಣಿಯರು ಎಕ್ಸ್‌ರೇ ಕೋಣೆಗೆ ಹೋಗುವ ಮೊದಲೇ ಅಲ್ಲಿನ ಸಿಬ್ಬಂದಿಗೆ ತಿಳಿಸಬೇಕು.