ಮೂರನೇ ಭಾಗದ ಅಸುರನನ್ನು ಇನ್ನೂ ದೊಡ್ಡವನನ್ನಾಗಿ ಮಾಡಬೇಡಿ

ಅಸುರರನ್ನು ಬೇಟೆಯಾಡುವ ಹುಡುಗಿಯ ಸರಣಿ ಬರೆಯುತ್ತಿರುವವರಿಗೆ ಈ ಉತ್ತರ. ಅಭಿಪ್ರಾಯ ಕೇಳಿ ನೀವು ಇಲ್ಲಿ ಹಾಕಿದ್ದ ಮೂರನೇ ಭಾಗದ ಸಾರಾಂಶ, ಮೊದಲ ಅಧ್ಯಾಯ ಎರಡನ್ನೂ ಓದಿದೆ. ಭಾಷೆ ಚೆನ್ನಾಗಿದೆ. ಕಣಿವೆಯ ಕಾಳಗ ಕಣ್ಣಿಗೆ ಕಟ್ಟುತ್ತದೆ. ಆದರೆ ಒಂದು ಕಡೆ ನಿಮ್ಮನ್ನು ತಡೆಯಲೇಬೇಕು. ಮೊದಲ ಭಾಗದ ಅಸುರ ಒಂದು ಊರನ್ನು ಹಾಳುಮಾಡಿದ. ಎರಡನೆಯವನು ಒಂದು ರಾಜ್ಯವನ್ನು. ಈಗ ಬರುವವನು ಮೂರು ಲೋಕವನ್ನೂ ನುಂಗುತ್ತಾನೆ, ಅವನಿಗೆ ತಕ್ಕಂತೆ ನಾಯಕಿಗೆ ಹೊಸ ಕತ್ತಿ ಸಿಗುತ್ತದೆ. ನನ್ನ ಸರಣಿಯಲ್ಲಿ ನಾನೂ ಇದನ್ನೇ ಮಾಡಿದ್ದೆ. ಮೂರನೇ ಭಾಗದ ಅರ್ಧಕ್ಕೆ ಬರುವಷ್ಟರಲ್ಲಿ ನಾಯಕಿಗೆ ಸೋಲುವ ದಾರಿಯೇ ಉಳಿದಿರಲಿಲ್ಲ. ಕಥೆ ಅಲ್ಲೇ ನಿಂತುಹೋಯಿತು.

ನಿಮಗೆ ಉತ್ತರಿಸಿದ ಇನ್ನೊಬ್ಬರು ‘ನಾಯಕಿಯ ಶಕ್ತಿ ಕಡಿಮೆ ಮಾಡಿ’ ಎಂದಿದ್ದಾರೆ. ದಯವಿಟ್ಟು ಮಾಡಬೇಡಿ. ಎರಡು ಭಾಗ ಓದಿದವರು ಅವಳ ಜತೆ ಕಷ್ಟಪಟ್ಟಿದ್ದಾರೆ. ಗಳಿಸಿದ್ದನ್ನು ಕಿತ್ತುಕೊಂಡರೆ ಮೋಸ ಅನ್ನಿಸುತ್ತದೆ. ಶಕ್ತಿ ಇರಲಿ. ಆ ಶಕ್ತಿಯೇ ಕೆಲಸಕ್ಕೆ ಬಾರದಂಥ ಅಸುರ ಬರಲಿ.

ದೇವಿ ಮಹಾತ್ಮ್ಯವನ್ನು ನವರಾತ್ರಿಯಲ್ಲಿ ಓದಿರುತ್ತೀರಿ, ಇಲ್ಲ ಯಕ್ಷಗಾನದ ಆಟದಲ್ಲಿ ನೋಡಿರುತ್ತೀರಿ. ಒಮ್ಮೆ ಕಥೆ ಕಟ್ಟುವವರಾಗಿ ಓದಿ. ಮಾರ್ಕಂಡೇಯ ಪುರಾಣದ ಒಳಗಿನ 13 ಅಧ್ಯಾಯ, ಮೂರು ಚರಿತೆ. ಮೊದಲನೆಯದರಲ್ಲಿ ದೇವಿ ಆಯುಧವನ್ನೇ ಹಿಡಿಯುವುದಿಲ್ಲ. ಯೋಗನಿದ್ರೆಯಾಗಿ ವಿಷ್ಣುವನ್ನು ಬಿಟ್ಟು ಹೊರಗೆ ಬರುತ್ತಾಳೆ, ಅವನು ಎದ್ದು ಮಧು ಕೈಟಭರ ಜತೆ 5,000 ವರ್ಷ ಕೈಕೈ ಮಿಲಾಯಿಸುತ್ತಾನೆ. ಅಷ್ಟಾದರೂ ತೋಳ್ಬಲದಿಂದ ಗೆಲ್ಲುವುದಿಲ್ಲ. ಅವಳ ಮಾಯೆಗೆ ಮರುಳಾದ ಅಸುರರೇ ‘ನಿನಗೇನು ವರ ಬೇಕು ಕೇಳು’ ಎನ್ನುತ್ತಾರೆ, ಅವನು ಅವರ ಸಾವನ್ನೇ ಕೇಳಿದಾಗ ಸಿಕ್ಕಿಬೀಳುತ್ತಾರೆ. ಎರಡನೆಯದರಲ್ಲಿ ಮಹಿಷ. ಕೋಣ, ಸಿಂಹ, ಕತ್ತಿ ಹಿಡಿದ ಗಂಡಸು, ಆನೆ, ಮತ್ತೆ ಕೋಣ. ಅಲ್ಲಿನ ಕಷ್ಟ ಅವನ ಬಲವಲ್ಲ, ಅವನು ಒಂದು ರೂಪದಲ್ಲಿ ನಿಲ್ಲದೇ ಇರುವುದು. ಕೋಣನ ದೇಹದಿಂದ ಅರ್ಧ ಹೊರಗೆ ಬಂದಾಗ ಅವಳು ಮುಗಿಸುತ್ತಾಳೆ.

ಮೂರನೆಯದರಲ್ಲಿ, 8ನೇ ಅಧ್ಯಾಯದಲ್ಲಿ, ರಕ್ತಬೀಜ ಬರುತ್ತಾನೆ. ನಿಮಗೆ ಬೇಕಾದ ಪಾಠ ಪೂರ್ತಿ ಅಲ್ಲಿದೆ. ಅವನ ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಅವನಷ್ಟೇ ಬಲದ ಇನ್ನೊಬ್ಬ ಹುಟ್ಟುತ್ತಾನೆ. ದೇವಿಯ ಜತೆ ಹೋರಾಡುವ ಶಕ್ತಿದೇವತೆಗಳ ಆಯುಧಗಳು, ಐಂದ್ರಿಯ ವಜ್ರ, ವೈಷ್ಣವಿಯ ಚಕ್ರ, ವಾರಾಹಿಯ ಕತ್ತಿ ಎಲ್ಲವೂ ಸರಿಯಾಗೇ ತಾಗುತ್ತವೆ. ತಾಗಿದಷ್ಟೂ ಅಸುರರು ಜಾಸ್ತಿಯಾಗುತ್ತಾರೆ! ಅಲ್ಲಿ ಹೊಸ ಕತ್ತಿ ಕೊಟ್ಟರೆ ಏನು ಪ್ರಯೋಜನ? ಕಾಳಿ ಬಾಯಿ ಅಗಲಿಸಿ ಹನಿ ಕೆಳಗೆ ಬೀಳುವ ಮೊದಲೇ ಕುಡಿಯಬೇಕಾಯಿತು. ಕೊನೆಯ ಯುದ್ಧಕ್ಕೆ ಸೈನ್ಯ ಸೇರಿಸುವ ಯೋಚನೆಯಲ್ಲಿ ನೀವಿದ್ದೀರಲ್ಲ, 10ನೇ ಅಧ್ಯಾಯವನ್ನೂ ಓದಿ. ‘ಬೇರೆಯವರ ಬಲ ನಂಬಿ ಹೋರಾಡುತ್ತೀಯ’ ಎಂದು ಅಸುರರ ದೊರೆ ಶುಂಭ ಹಂಗಿಸುತ್ತಾನೆ. ದೇವಿ ಜತೆಗಿದ್ದ ಶಕ್ತಿಗಳನ್ನೆಲ್ಲ ತನ್ನೊಳಗೆ ಸೇರಿಸಿಕೊಂಡು ಒಬ್ಬಳೇ ನಿಲ್ಲುತ್ತಾಳೆ.

ಈಗ ನನಗೆ ಫಲ ಕೊಟ್ಟ ವಿಧಾನ. ಒಂದು ಲಾಂಗ್ ನೋಟ್‌ಬುಕ್ ತೆಗೆದುಕೊಳ್ಳಿ. ಇದಕ್ಕೆ ಫೋನ್ ಬೇಡ, ಎರಡು ಪುಟ ಒಟ್ಟಿಗೆ ಕಣ್ಣೆದುರು ಇರಬೇಕು. ಎಡಗಡೆ ಅಸುರ ಕೇಳಿದ ವರ ಬರೆಯಿರಿ, ಅವನ ಬಾಯಿಂದ ಬಂದ ಮಾತಿನಲ್ಲೇ. ಬಲಗಡೆ ಅವನು ಕೇಳಲು ಮರೆತದ್ದು. ಕಟೀಲಿನ ಅರುಣಾಸುರನ ಕಥೆಯನ್ನೇ ತೆಗೆದುಕೊಳ್ಳಿ. ಯುದ್ಧದಲ್ಲಿ ಸಾಯಬಾರದು, ಶಸ್ತ್ರದಿಂದ ಸಾಯಬಾರದು, ಗಂಡಿನಿಂದಲೂ ಹೆಣ್ಣಿನಿಂದಲೂ ಬೇಡ, ಎರಡು ಕಾಲಿನದರಿಂದಲೂ ನಾಲ್ಕು ಕಾಲಿನದರಿಂದಲೂ ಬೇಡ. ಎಡಪುಟ ತುಂಬಿತು. ಬಲಪುಟದಲ್ಲಿ ಒಂದೇ ಸಾಲು: ಆರು ಕಾಲಿನ ದುಂಬಿ. ದೇವಿ ಆ ರೂಪದಲ್ಲೇ ಬಂದು ಅವನನ್ನು ಕೊಂದಳು. ಬಲಪುಟ ಖಾಲಿ ಇದ್ದರೆ ಅಧ್ಯಾಯ ಶುರುಮಾಡಲೇಬೇಡಿ. ಆಮೇಲೆ ಹೊಳೆಯುತ್ತದೆ ಅಂತ ಹೊರಟರೆ ಕೊನೆಗೆ ಹೊಳೆಯುವುದು ಹೊಸ ಕತ್ತಿಯೇ.

ಇದರಲ್ಲಿ ಎಚ್ಚರ ಬೇಕಾದ ಜಾಗಗಳಿವೆ. ವರದ ಮಾತು ಓದುಗರಿಗೆ ಮೊದಲೇ, ಪೂರ್ತಿಯಾಗಿ ಗೊತ್ತಾಗಿರಬೇಕು. ಕೊನೆಯ ಅಧ್ಯಾಯದಲ್ಲಿ ಮುದುಕರೊಬ್ಬರು ಬಂದು ಗುಟ್ಟು ಹೇಳುವುದು ಬೇಡವೇ ಬೇಡ (ನಿಮ್ಮ ಎರಡನೇ ಭಾಗದಲ್ಲಿ ಹಾಗೇ ಆಗಿದೆ). ಬರೆದಾದ ಮೇಲೆ ಸರಣಿ ಓದಿರುವ ಒಬ್ಬರಿಗೆ ಅರ್ಧ ಮಾತ್ರ ಕೊಟ್ಟು, ‘ಇವನನ್ನು ಹೇಗೆ ಕೊಲ್ಲಬಹುದು?’ ಎಂದು ಕೇಳಿ. ಅವರು ಥಟ್ಟನೆ ಒಂದು ದಾರಿ ಹೇಳಿದರೆ, ನಾಯಕಿ ಮೊದಲು ಅದೇ ದಾರಿ ಹಿಡಿದು ಸೋಲಲಿ. ಏನೂ ಹೊಳೆಯಲಿಲ್ಲ ಅಂದರೆ ನೀವು ಕೊಟ್ಟ ಸುಳಿವು ಸಾಲದು. ಮನೆಯವರನ್ನು ಕೇಳಬೇಡಿ, ಅವರು ಚೆನ್ನಾಗಿದೆ ಅಂದುಬಿಡುತ್ತಾರೆ.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನಾಯಕಿ ಕಳೆದುಕೊಂಡದ್ದನ್ನೆಲ್ಲ ಬರೆದಿಡಿ. ಈ ವಿಷಯದಲ್ಲಿ ನಿಮ್ಮ ಮೇಲೆ ನಿಜಕ್ಕೂ ಕೋಪ ಬಂತು. ಎರಡನೇ ಭಾಗದ ಕೊನೆಯಲ್ಲಿ ಅವಳ ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಮೂರನೇ ಭಾಗದ ನಾಲ್ಕನೇ ಪುಟದಲ್ಲಿ ಅದೇ ಕೈಯಲ್ಲಿ ಬಿಲ್ಲು ಹಿಡಿದು ಗುರಿ ಇಡುತ್ತಾಳೆ. ಒಂದು ಸಾಲಿನ ವಿವರಣೆಯೂ ಇಲ್ಲ! ಆ ಕೈ ಬಗ್ಗದಿದ್ದರೆ ಅವಳು ಬಿಲ್ಲು ಬಿಟ್ಟು ಬೇರೇನೋ ಕಲಿಯಬೇಕಾಗುತ್ತಿತ್ತು. ಮೂರನೇ ಭಾಗಕ್ಕೆ ಬೇಕಾದ ಕಥೆ ನಿಮ್ಮ ಕೈಯಲ್ಲೇ ಇತ್ತು, ಬಿಟ್ಟುಬಿಟ್ಟಿರಿ.

‘ಹಿಂದಿನ ಭಾಗಗಳಲ್ಲಿ’ ಅಂತ ಹಾಕಿರುವ ಅಷ್ಟೂ ಪುಟ ತೆಗೆಯಿರಿ. ಯಕ್ಷಗಾನದಲ್ಲಿ ವೇಷ ಬಂದು ಪೀಠಿಕೆಯಲ್ಲಿ ತಾನು ಯಾರು, ಯಾಕೆ ಬಂದೆ ಎಂದು ಹೇಳಿ ಕಥೆಗೆ ಇಳಿಯುತ್ತದಲ್ಲ, ಅಷ್ಟು ಸಾಕು. ಉಳಿದದ್ದು ಜಗಳದಲ್ಲಿ, ಗಾಯದ ಗುರುತಿನಲ್ಲಿ ತಾನಾಗೇ ಬರುತ್ತದೆ.

ಹೆಸರುಗಳನ್ನೂ ನೋಡಿ. ನಿಮ್ಮ ಐದೂ ಅಸುರರು ‘ಕ’ದಿಂದ ಶುರುವಾಗಿ ‘ಆಸುರ’ದಲ್ಲಿ ಮುಗಿಯುತ್ತಾರೆ. ನನಗೇ ಯಾರು ಯಾರು ಅಂತ ತಿಳಿಯಲಿಲ್ಲ. ದೇವಿ ಮಹಾತ್ಮ್ಯದ ಅಸುರರಂತೆ ಧೂಮ್ರಲೋಚನ, ಚಂಡ, ನಿಶುಂಭ ಎಂದರೆ ಗೊಂದಲವೇ ಇಲ್ಲ.

ಟೈಪಿಂಗ್ ಬಗ್ಗೆ ಕೇಳಿದ್ದಿರಿ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಆಸ್ಕಿ ಫಾಂಟಿನಲ್ಲಿ (ಆ ಫಾಂಟ್ ಇಲ್ಲದ ಕಡೆ ಅಕ್ಷರ ಕೆಡುತ್ತದೆ) ಇನ್ನು ಬರೆಯಬೇಡಿ, ಶುರುವಿನಿಂದಲೇ ಎಲ್ಲ ಕಡೆ ಓದಲಾಗುವ ಯೂನಿಕೋಡ್ ಇರಲಿ. ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಇದೆ. ಆಸ್ಕಿ ಕಡತವನ್ನು ಬದಲಾಯಿಸಲೇಬೇಕಾದರೆ, ಆದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಒಂದೊಂದಾಗಿ ಹುಡುಕಿ ನೋಡಿ. ನನಗೆ ಗೂಗಲ್ ಡಾಕ್ಸ್ ಇಷ್ಟ, ಹಳೆಯ ಆವೃತ್ತಿಗಳು ಉಳಿಯುತ್ತವೆ. ಇಂಟರ್ನೆಟ್ ಸರಿ ಇಲ್ಲದ ಊರಾದರೆ ಲಿಬ್ರೆ ಆಫೀಸ್ ಸಾಕು, ದುಡ್ಡು ಕೊಟ್ಟು ಏನೂ ಕೊಳ್ಳಬೇಕಿಲ್ಲ. ಪುಟ ವಿನ್ಯಾಸ ಮಾಡುವವರು ಇನ್‌ಡಿಸೈನ್ ಬಳಸಿದರೆ ಅದರಲ್ಲಿರುವ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಹಾಕಿಕೊಳ್ಳಲು ಮೊದಲೇ ಹೇಳಿ, ಇಲ್ಲದಿದ್ದರೆ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗುತ್ತದೆ. ಅಳತೆ, ಕಾಗದ ಎರಡೂ ಹಿಂದಿನ ಭಾಗಗಳದ್ದೇ ಇರಲಿ. ಮೂರನ್ನೂ ಒಟ್ಟಿಗೆ ಕಪಾಟಿನಲ್ಲಿ ಇಡುವವರಿಗೆ ಒಂದು ಮಾತ್ರ ಕುಳ್ಳಗೆ ಕಂಡರೆ ಬೇಜಾರಾಗುತ್ತದೆ.

ಎರಡನೇ ಅಧ್ಯಾಯ ಈಗಲೇ ಹಾಕಬೇಡಿ. ಮೊದಲು ಆ ಅಸುರನ ಎಡಪುಟ, ಬಲಪುಟ ಬರೆದು ಫೋಟೋ ಹಾಕಿ. ವರದಲ್ಲಿ ಏನು ಬಿಟ್ಟಿದ್ದಾನೆ ಅಂತ ಎಲ್ಲರೂ ಸೇರಿ ನೋಡೋಣ.