ಆಪರೇಷನ್ನಿಗೆ ಮೊದಲು ಮನೆ ಸಜ್ಜಾಗಲಿ

“ಅಮ್ಮನಿಗೆ 68 ವರ್ಷ. ಬಲಗಡೆ ಸೊಂಟದ ಕೀಲು ಸವೆದಿದೆ, ಬದಲಿಸಲೇಬೇಕು ಎಂದಿದ್ದಾರೆ. ಮುಂದಿನ ತಿಂಗಳು ಆಪರೇಷನ್. ‘ಆಮೇಲೆ ಹಾಸಿಗೆ ಹಿಡಿದುಬಿಡ್ತೀನಿ’ ಅಂತ ಅಮ್ಮ ಹೆದರಿದ್ದಾರೆ. ನಮ್ಮದು ಹಳೇ ಮನೆ, ಕಕ್ಕಸು ಹಿತ್ತಲಲ್ಲಿದೆ. ಏನೇನು ತಯಾರಿ ಬೇಕು?”
— ತೀರ್ಥಹಳ್ಳಿ ಕಡೆಯ ಓದುಗರೊಬ್ಬರು

ಅಮ್ಮನ ಹೆದರಿಕೆಗೆ ಮೊದಲು ಉತ್ತರ. ಹಾಸಿಗೆ ಹಿಡಿಯಲು ಡಾಕ್ಟರು ಬಿಡುವುದೇ ಇಲ್ಲ! ಸಾಮಾನ್ಯವಾಗಿ ಆಪರೇಷನ್ ಆದ ದಿನ ಅಥವಾ ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಈ ಆಪರೇಷನ್ ಹೊಸ ಪ್ರಯೋಗವೂ ಅಲ್ಲ. ಲೋಹದ ಗುಂಡು, ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು ಹಾಕುವ ಈ ವಿಧಾನವನ್ನು ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ರೂಢಿಗೆ ತಂದದ್ದು 1960ರ ದಶಕದಲ್ಲಿ. ಹೀಗೆ ಹಾಕಿದ ಕೀಲುಗಳಲ್ಲಿ 100ಕ್ಕೆ ಸುಮಾರು 58 ಕೀಲು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿದೆ.

ನನಗೆ ಚಿಂತೆ ಹತ್ತಿದ್ದು ನಿಮ್ಮ ಹಿತ್ತಲ ಕಕ್ಕಸಿನದು. ಸುತ್ತಲಿನ ಸ್ನಾಯು ಕೂಡಿಕೊಳ್ಳುವವರೆಗೆ ಹೊಸ ಗುಂಡು ಬಟ್ಟಲಿನಿಂದ ಜಾರುವ ಅಪಾಯವಿರುತ್ತದೆ. ಹಿಂಬದಿಯಿಂದ ಕೊಯ್ದು ಮಾಡಿದರೆ ಈ ಅಪಾಯ ಜಾಸ್ತಿ. ಅದಕ್ಕೇ ಕುಕ್ಕರಗಾಲಲ್ಲಿ ಕೂರುವುದು, ನೆಲಕ್ಕೆ ಬಗ್ಗುವುದು, ಕಾಲ ಮೇಲೆ ಕಾಲು ಹಾಕುವುದು ಬೇಡ ಎನ್ನುತ್ತಾರೆ. ಎಷ್ಟು ವಾರ ಅಂತ ನಿಮ್ಮ ಸರ್ಜನ್ನರನ್ನೇ ಕೇಳಿ. ಒಬ್ಬೊಬ್ಬರ ಲೆಕ್ಕ ಒಂದೊಂದು.

ಮನೆಯೊಳಗೇ ಕಮೋಡ್ ಮಾಡಿಸಿಕೊಳ್ಳಿ. ಆಗದಿದ್ದರೆ ಕಮೋಡ್ ಕುರ್ಚಿ ತನ್ನಿ, ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕುರ್ಚಿ, ಮಂಚ, ಕಮೋಡ್ ಯಾವುದೇ ಇರಲಿ, ಕೂತಾಗ ಮೊಣಕಾಲು ಸೊಂಟಕ್ಕಿಂತ ಕೆಳಗಿರಬೇಕು. ಬಚ್ಚಲಲ್ಲಿ ಗೋಡೆಗೆ ಗಟ್ಟಿ ಹಿಡಿಕೆ ಹಾಕಿಸಿ. ಕಾಲಿಗೆ ತೊಡರುವ ಮ್ಯಾಟು, ವೈರು ತೆಗೆದುಬಿಡಿ. ಹೊಸ್ತಿಲು ದಾಟುವುದನ್ನು ಅಮ್ಮ ಈಗಲೇ ವಾಕರ್ ಹಿಡಿದು ಕಲಿಯಲಿ, ನೋವಿನ ನಡುವೆ ಹೊಸದಾಗಿ ಕಲಿಯುವುದು ಕಷ್ಟ. ನಿಮ್ಮೂರ ಮಳೆಗಾಲದ ಪಾಚಿ ಅಂಗಳದ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ, ಅಲ್ವಾ?

ಹುಳುಕು ಹಲ್ಲು, ಉರಿಮೂತ್ರ, ಕಾಲಿನ ಹುಣ್ಣು ಇದ್ದರೆ ಮುಚ್ಚಿಡಬೇಡಿ. ಅಲ್ಲಿಂದ ಸೋಂಕು ಹೊಸ ಕೀಲಿಗೆ ಹೋಗಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ, ನಾಟಿ ಔಷಧಿ ಎಲ್ಲವನ್ನೂ ಡಾಕ್ಟರಿಗೆ ಹೇಳಿ.

ಮನೆಗೆ ಬಂದ ಮೇಲೆ ಪಾದವನ್ನು ಆಗಾಗ ಮೇಲೆ ಕೆಳಗೆ ಆಡಿಸುತ್ತಿರಲಿ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಮೆಟ್ಟಿಲು ಹತ್ತುವಾಗ ಎಡಗಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಬಲಗಾಲು ಮುಂದೆ. ವಾಕರ್ ಬಿಟ್ಟು ಕೋಲಿಗೆ ಬಂದಾಗ ಕೋಲು ಎಡಗೈಯಲ್ಲಿರಬೇಕು. ಬಲಗಾಲಿಗೆ ಬಲಗೈ ಎಂದು ಸಾಕಷ್ಟು ಜನ ಉಲ್ಟಾ ಹಿಡಿಯುತ್ತಾರೆ.

ನೋಡಲು ಬರುವ ನೆಂಟರಲ್ಲಿ ಒಬ್ಬರಾದರೂ ಎಣ್ಣೆ ಹಚ್ಚಿ ತಿಕ್ಕಿ ಎನ್ನುತ್ತಾರೆ. ಕಾಫಿ ಕೊಟ್ಟು ಕಳಿಸಿ, ಎಣ್ಣೆ ಮಾತ್ರ ಬೇಡ. ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಲೇಬಾರದು, ಅದು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಗಾಯದಲ್ಲಿ ನೀರೋ ಕೀವೋ ಸೋರಿದರೆ, ಚಳಿಜ್ವರ ಬಂದರೆ ಕೂಡ ಹಾಗೇ. ಇದ್ದಕ್ಕಿದ್ದಂತೆ ವಿಪರೀತ ನೋವು ಬಂದು ಕಾಲು ಗಿಡ್ಡವಾದಂತೆ ಕಂಡರೆ, ಅಥವಾ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ 108ಕ್ಕೆ ಕರೆ ಮಾಡಿ.

— ಸಂ.