ಅಗಸೆ ಪುಡಿಯ ಆ ಕಹಿ ಹುರಿದದ್ದರ ಕಹಿಯಲ್ಲ

ತಾವು ನಿನ್ನೆ ಹಾಕಿದ ಚಿತ್ರವನ್ನು ನೋಡಿದೆ. ಎರಡು ಕಿಲೋ ಅಗಸೆಯನ್ನು ಹುರಿದು, ಗಿರಣಿಯಲ್ಲಿ ಪುಡಿ ಮಾಡಿಸಿ, ಗಾಜಿನ ಭರಣಿಗೆ ತುಂಬಿ ಒಲೆಯ ಪಕ್ಕದ ಕಿಟಕಿಯಲ್ಲಿ ಇಟ್ಟಿದ್ದೀರಿ. ಈಗ ಸ್ವಲ್ಪ ಕಹಿ ಬಂದಿದೆ, ಬೆಲ್ಲ ಬೆರೆಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ. ದಯವಿಟ್ಟು ಆ ಪುಡಿಯನ್ನು ಮನೆಯವರಿಗೆ ಬಡಿಸಬೇಡಿ.

ಐದು ವರ್ಷದ ಹಿಂದೆ ನಾನೂ ಹೀಗೆಯೇ ಮಾಡಿದ್ದೆ. ಗದಗಿನ ಕಡೆಯ ಹಿಂಗಾರಿ ಅಗಸೆ ಅಗ್ಗವಾಗಿ ಸಿಕ್ಕಿತೆಂದು ಮೂರು ಕಿಲೋ ತಂದು ಗಿರಣಿಗೆ ಹಾಕಿಸಿದೆ. ಮನೆಗೆ ಬಂದಾಗಲೂ ಡಬ್ಬಿ ಕೈಗೆ ಬಿಸಿ ಹತ್ತುತ್ತಿತ್ತು. ಆ ಬಿಸಿಯಲ್ಲೇ ಮುಚ್ಚಳ ಬಿಗಿದೆ. ಮೂರನೆಯ ವಾರಕ್ಕೆ ಕಹಿ ಶುರುವಾಯಿತು. ಹುರಿದದ್ದು ಹೆಚ್ಚಾಗಿರಬೇಕು ಎಂದುಕೊಂಡು ಇನ್ನೊಂದು ತಿಂಗಳು ತಿಂದೆವು. ಆಮೇಲೆ ಒಂದು ದಿನ ಬಾಗಿಲಿಗೆ ಎಣ್ಣೆ ಹಚ್ಚಲು ಬಂದ ಬಡಗಿ ತನ್ನ ಡಬ್ಬಿಯ ಮುಚ್ಚಳ ತೆಗೆದಾಗ, ಆ ವಾಸನೆಯೂ ನನ್ನ ಭರಣಿಯ ವಾಸನೆಯೂ ಒಂದೇ ಎಂಬುದು ತಿಳಿಯಿತು. ಆತ ತಂದದ್ದೂ ಅಗಸೆ ಎಣ್ಣೆಯೇ. ಗಾಳಿ ತಾಗಿದರೆ ಒಣಗಿ ಪದರ ಕಟ್ಟುವ ಗುಣದಿಂದಲೇ ಅದು ಮರಕ್ಕೆ ಬೇಕು, ಅದೇ ಗುಣದಿಂದ ನಮ್ಮ ಪುಡಿ ಕೆಡುತ್ತದೆ.

ಅಗಸೆಯಲ್ಲಿ ಸುಮಾರು 40% ಎಣ್ಣೆಯಿದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3 ಎಂಬ, ಗಾಳಿಗೆ ಬೇಗ ಕೆಡುವ ಕೊಬ್ಬು. ಕಾಳು ಇಡಿಯಾಗಿರುವವರೆಗೆ ಸಿಪ್ಪೆ ಅದನ್ನು ಕಾಯುತ್ತದೆ. ಹದವಾಗಿ ಹುರಿದರೂ ದೊಡ್ಡ ನಷ್ಟವಿಲ್ಲ. ಒಡೆದ ಕ್ಷಣದಿಂದ ಗಾಳಿ, ಬೆಳಕು, ಶಾಖ ಮೂರೂ ಅದರ ಮೇಲೆ ಬೀಳುತ್ತವೆ, ತಮ್ಮ ಕಿಟಕಿಯಲ್ಲಿ ಮೂರೂ ಇವೆ.

ಆದ್ದರಿಂದ ಕಾಳನ್ನು ಇಡಿಯಾಗಿಯೇ ಇಟ್ಟುಕೊಳ್ಳಿ. ತಂಪಾದ, ಒಣ ಜಾಗದಲ್ಲಿ ತಿಂಗಳುಗಟ್ಟಲೆ ಕೆಡದು. ನಮ್ಮ ಮನೆಯಲ್ಲಿ ಇಬ್ಬರು, ದಿನಕ್ಕೆ ತಲಾ ಒಂದು ದೊಡ್ಡ ಚಮಚ, ಅಂದರೆ ಸುಮಾರು 7 ಗ್ರಾಂ ಪುಡಿ. ವಾರಕ್ಕೆ 100 ಗ್ರಾಂ ಸಾಕು. ಭಾನುವಾರ ಅಷ್ಟನ್ನೇ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಹುರಿಯುತ್ತೇನೆ. ಚಟಪಟ ಸದ್ದು ಜೋರಾಗಿ, ಮತ್ತೆ ತಗ್ಗಲು ತೊಡಗಿದ ಕೂಡಲೇ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಸೀಯುತ್ತದೆ. ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಸಣ್ಣ ಡಬ್ಬಿಗೆ ಅಂಚಿನವರೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ಒದ್ದೆ ಚಮಚ ಹಾಕಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬೆಳ್ಳುಳ್ಳಿ, ಜೀರಿಗೆ, ಒಣಮೆಣಸಿನಕಾಯಿ ಹಾಕಿ ಕುಟ್ಟಿದ ಅಗಸಿ ಚಟ್ನಿಗೂ ಇದೇ ನಿಯಮ. ಅದಕ್ಕೆ ಗಟ್ಟಿ ಮೊಸರು ಕಲಸಿ ಜೋಳದ ರೊಟ್ಟಿಯ ಜೊತೆ ತಿನ್ನುವುದು ನನಗೆ ಯಾವ ಸ್ಮೂದಿಗಿಂತಲೂ ಮೇಲು.

ಇದೇ ಚರ್ಚೆಯಲ್ಲಿ ಇನ್ನೊಬ್ಬರು ಅಗಸೆ ಎಣ್ಣೆಯಲ್ಲಿ ಒಗ್ಗರಣೆ ಹಾಕುತ್ತೇನೆ ಎಂದು ಬರೆದಿದ್ದಾರೆ. ಹಾಗೆ ಮಾಡಬಾರದು, ಶುದ್ಧೀಕರಿಸದ ಅಗಸೆ ಎಣ್ಣೆ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೇ ಹೊಗೆಯಾಡುತ್ತದೆ, ಸಾಸಿವೆ ಸಿಡಿಯಲು ಅದಕ್ಕಿಂತ ಹೆಚ್ಚು ಕಾವು ಬೇಕು. ಬಡಿಸಿದ ಮೇಲೆ ಕೋಸಂಬರಿಗೋ ಚಟ್ನಿಪುಡಿಗೋ ಹಸಿಯಾಗಿ ಹಾಕಿಕೊಳ್ಳಿ. ಎಣ್ಣೆಯಲ್ಲಿ ಕಾಳಿನ ನಾರು ಇರುವುದಿಲ್ಲ ಎಂಬುದೂ ನೆನಪಿರಲಿ. ಮಲಬದ್ಧತೆಗೆಂದು ಎಣ್ಣೆ ಕೊಳ್ಳುವವರು ಪುಡಿಯನ್ನೇ ತಿನ್ನಬೇಕು, ಜೊತೆಗೆ ಧಾರಾಳವಾಗಿ ನೀರು ಕುಡಿಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಆರಂಭಿಸಬೇಡಿ. ಹಸಿ ಕಾಳನ್ನು ಹಿಡಿಗಟ್ಟಲೆ ತಿನ್ನುವುದಂತೂ ಬೇಡ, ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಹುರಿದರೆ ಅದು ಕಡಿಮೆಯಾಗುತ್ತದೆ, ಚಮಚದ ಲೆಕ್ಕದಲ್ಲಿ ಭಯವಿಲ್ಲ.

ಯಾವ ಬ್ರ್ಯಾಂಡಿನ ಅಗಸೆ ಎಣ್ಣೆ ಒಳ್ಳೆಯದು ಎಂಬ ಪ್ರಶ್ನೆಗೆ ನನ್ನ ಉತ್ತರವಿಷ್ಟೇ: ಹೆಸರು ನೋಡಬೇಡಿ, ತಯಾರಿಕೆಯ ತಾರೀಖು ನೋಡಿ. ಪಾರದರ್ಶಕ ಬಾಟಲಿಯಲ್ಲಿ, ಅಂಗಡಿಯ ದೀಪದ ಕೆಳಗೆ ನಿಂತ ಎಣ್ಣೆಯನ್ನು ರಿಯಾಯಿತಿ ಕೊಟ್ಟರೂ ನಾನು ಮುಟ್ಟುವುದಿಲ್ಲ. ಕಡು ಬಣ್ಣದ 200 ಮಿಲಿಯ ಬಾಟಲಿ ಕೊಂಡು, ತೆರೆದ ದಿನವನ್ನು ಅದರ ಮೇಲೆ ಬರೆದು, ಫ್ರಿಜ್ಜಿನಲ್ಲಿಟ್ಟು ಆರು ವಾರದೊಳಗೆ ಮುಗಿಸಿ. ಹಾರ್ಡ್‌ವೇರ್ ಅಂಗಡಿಯ ಅಗಸೆ ಎಣ್ಣೆ ತಿನ್ನುವುದಕ್ಕಲ್ಲ. ಬೇಗ ಒಣಗಲೆಂದು ಕೆಲವಕ್ಕೆ ಲೋಹದ ಲವಣ ಬೆರೆಸಿರುತ್ತಾರೆ.

ಕೆಟ್ಟ ಎಣ್ಣೆಯನ್ನು ಬಾಗಿಲಿಗೆ ಒರೆಸಿ ಮುಗಿಸುವುದಾದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಕಾವು ಹುಟ್ಟಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಯಾಗಿ ಹರಡಿ ಒಣಗಿಸಿ, ಆಮೇಲೆ ಕಸಕ್ಕೆ ಹಾಕಿ.